ಬೊಮ್ಮಯ್ಯನ ತೀರ್ಮಾನ

"ಗೆದ್ದದ್ದೇನೋ ಹೌದು. ಆದ್ರೆ ಗೆದ್ದ ರೀತಿ ಸರಿ ಇಲ್ಲ."

ನಿತ್ಯಾನಂದ ಹೇಳಿದ ಈ ಒಂದು ಮಾತಿನಿಂದ ಆ ಭಾನುವಾರದ ಫಜೀತಿಯೆಲ್ಲ ಶುರುವಾಯಿತು.

ಮಂಕಿ ಊರಿನ ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟು. ಬೆಳಿಗ್ಗೆಯ ಸೆಮಿಫೈನಲ್ಲನ್ನು ಶಿರಾಲಿ ತಂಡ ಕೊನೇ ಓವರಿನಲ್ಲಿ ಗೆದ್ದಿತ್ತು. ಬಿಸಿಲು ಹೆಂಚಿನ ಹಾಗೆ ಕಾದಿದ್ದರೂ ಶಿರಾಲಿಯವರೆಲ್ಲ ಕುಣಿಯುತ್ತಿದ್ದರು. ಗೇರುಮರದ ನೆರಳಲ್ಲಿ ಕೂತಿದ್ದ ನಿತ್ಯಾನಂದ ಮಾತ್ರ ಕುಣಿಯಲಿಲ್ಲ.

ಅವನು ಶಿರಾಲಿ ಪೇಟೆಯಲ್ಲಿ ಬಳೆ, ರಿಬ್ಬನ್ನು, ಪೌಡರು ಮಾರುವ ಫ್ಯಾನ್ಸಿ ಸ್ಟೋರಿನ ಮಾಲಕ. ಬ್ಯಾಟು ಹಿಡಿದದ್ದು ಹೈಸ್ಕೂಲಿನಲ್ಲೇ ಕೊನೆ. ಆದರೆ ಯಾವ ಓವರು ಯಾರಿಗೆ ಕೊಡಬೇಕಿತ್ತು, ಯಾರನ್ನು ಎಲ್ಲಿ ನಿಲ್ಲಿಸಬೇಕಿತ್ತು, ಮೊದಲು ಯಾರನ್ನು ಆಡಲು ಕಳಿಸಬೇಕಿತ್ತು ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಆಟ ಮುಗಿದ ಮೇಲೆ ಗೊತ್ತಾಗುತ್ತಿತ್ತು ಎಂಬುದೊಂದೇ ಕೊರತೆ. ಹಿಂದಿನ ತಿಂಗಳು ದಕ್ಷಿಣ ಆಫ್ರಿಕಾದಲ್ಲಿ ನಡೆದ ವಿಶ್ವಕಪ್ ಫೈನಲ್ಲಿನಲ್ಲಿ ನಮ್ಮವರು ಟಾಸ್ ಗೆದ್ದೂ ಫೀಲ್ಡಿಂಗ್ ಮಾಡಿ ಸೋತಿದ್ದರಲ್ಲ, ಅಂದಿನಿಂದ ಅವನಂಗಡಿಗೆ ಬಳೆ ಕೊಳ್ಳಲು ಬಂದ ಹೆಂಗಸರೆಲ್ಲ ಟಾಸ್ ಗೆದ್ದರೆ ಬ್ಯಾಟಿಂಗನ್ನೇ ಆರಿಸಬೇಕೆಂಬ ಪಾಠ ಕೇಳಿಯೇ ಮೆಟ್ಟಿಲು ಇಳಿಯುತ್ತಿದ್ದರು.

ಊರಿನ ತಂಡದ ವಿಷಯದಲ್ಲಿ ಅವನ ಗುರಿ ಬೊಮ್ಮಯ್ಯ. ಬೊಮ್ಮಯ್ಯ ಟೆಂಪೋ ಓಡಿಸುವವನು. ತಂಡದ ಕ್ಯಾಪ್ಟನ್ ಅವನೇ, ತಂಡವನ್ನು ಹೊತ್ತು ತರುವ ಟೆಂಪೋ ಕೂಡ ಅವನದೇ. ದೊಡ್ಡ ಆಳು, ಸಣ್ಣ ಮಾತು. ನಿತ್ಯಾನಂದ ವರ್ಷಗಟ್ಟಲೆ ಆಡಿದ ಟೀಕೆಗೆ ಅವನು ಒಮ್ಮೆಯೂ ಉತ್ತರ ಕೊಟ್ಟವನಲ್ಲ.

ಆ ದಿನ ಅವನು ಅದೇ ಗೇರುಮರದ ಹಿಂದೆ ನಿಂತು ನೀರು ಕುಡಿಯುತ್ತಿದ್ದ. ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು ಮುಂದೆ ಬಂದ. ನಿತ್ಯಾನಂದನ ಭುಜದ ಮೇಲೆ ಕೈಯಿಟ್ಟು, "ನನ್ನ ಸೊಂಟ ಹಿಡ್ದದೆ. ಫೈನಲ್ಲಿಗೆ ನನ್ನ ಬದ್ಲಿ ನೀನೇ ಕ್ಯಾಪ್ಟನ್," ಅಂದ.

ನಿತ್ಯಾನಂದ ನಕ್ಕ. ಬೊಮ್ಮಯ್ಯ ನಗಲಿಲ್ಲ. ಆಗ ನಿತ್ಯಾನಂದನಿಗೆ ಮಧ್ಯಾಹ್ನ ಅಂಗಡಿ ತೆರೆಯಬೇಕೆಂಬುದು ನೆನಪಾಯಿತು. ಭಾನುವಾರ ಅಂಗಡಿಗೆ ರಜೆಯೆಂದು ಪಕ್ಕದವರು ನೆನಪಿಸಿದರು. ಅಷ್ಟರಲ್ಲಿ ಸುದ್ದಿ ಅನಂತಮೂರ್ತಿ ಮಾಸ್ತರರಿಗೆ ಮುಟ್ಟಿತು. ನಿವೃತ್ತರಾದ ಮೇಲೆ ಮಂಕಿಯಿಂದ ಭಟ್ಕಳದವರೆಗಿನ ಎಲ್ಲ ಟೂರ್ನಮೆಂಟಿಗೂ ಮೈಕಿನಲ್ಲಿ ಕಾಮೆಂಟ್ರಿ ಹೇಳುವವರು ಅವರೇ. ಅವರು ಒಂದು ಸಲ ಕೆಮ್ಮಿ, ಶಿರಾಲಿ ತಂಡದ ನೂತನ ನಾಯಕರು ನಿತ್ಯಾನಂದ ನಾಯ್ಕರೆಂದು ಸಾರಿಬಿಟ್ಟರು. ತೆಂಗಿನಮರಕ್ಕೆ ಕಟ್ಟಿದ ಧ್ವನಿವರ್ಧಕ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವ ಉಪಾಯ ಯಾರಿಗೂ ಗೊತ್ತಿರಲಿಲ್ಲ.

ಗದ್ದೆಯ ಆಚೆ ಅಂಚಿನಲ್ಲಿ ಕೂತಿದ್ದ ಅವನ ಹೆಂಡತಿ ಮಾಲಿನಿ ಸೆರಗು ಬಾಯಿಗಿಟ್ಟುಕೊಂಡಳು. ಅವಳ ತವರು ಮಂಕಿಯೇ. ಫೈನಲ್ಲಿನ ಎದುರಾಳಿಯೂ ಮಂಕಿಯೇ. ಮಂಕಿಯ ಕ್ಯಾಪ್ಟನ್ ಅವಳ ತಮ್ಮ ಪ್ರಕಾಶ. ಮೂರು ವರ್ಷದಿಂದ ಟೂರ್ನಮೆಂಟಿನ ಕಪ್ಪು ಅವನ ಮನೆಯ ಟೀವಿಯ ಮೇಲೆ ಕೂತಿತ್ತು. ಮಾವನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಪ್ರಕಾಶ ಅದರ ಧೂಳು ಒರೆಸುತ್ತ, ಭಾವ, ಶಿರಾಲಿಯವರು ಈ ಸಲವಾದ್ರೂ ಫೈನಲ್ಲಿಗೆ ಬರ್ತ್ರಾ ಎಂದು ಕೇಳುತ್ತಿದ್ದ. ಶಿರಾಲಿಗೆ ಒಬ್ಬ ಸರಿಯಾದ ಕ್ಯಾಪ್ಟನ್ ಇದ್ದಿದ್ದರೆ ತೋರಿಸುತ್ತಿದ್ದೆವು ಎಂದು ನಿತ್ಯಾನಂದ ಅನ್ನಕ್ಕೆ ಸಾರು ಕಲಸುತ್ತ ಉತ್ತರಿಸುತ್ತಿದ್ದ. ಈಗ ಸೋತರೆ ಆ ಮನೆಯಲ್ಲಿ ಕೂತು ಸಾರು ಕಲಸುವ ಹಾಗಿರಲಿಲ್ಲ.

ಊಟದ ಹೊತ್ತಿಗೆ ಸಲಹೆಗಾರರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಎಡಗೈ ಬೌಲರನ್ನು ಮೊದಲು ಹಾಕು ಎಂದು ಒಬ್ಬ, ಅವನಿಗೆ ಬಾಲನ್ನೇ ಮುಟ್ಟಿಸಬೇಡ ಎಂದು ಇನ್ನೊಬ್ಬ. ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಆಟ ನೋಡಲು ಬಂದಿದ್ದ ಹೊನ್ನಿ ಕೂಡ, ಬೌಂಡರಿಗೆ ಉದ್ದ ಕಾಲಿನವರನ್ನು ನಿಲ್ಲಿಸೆಂದು ಹೇಳಿ ಹೋದಳು. ಇಷ್ಟು ವರ್ಷ ತಾನು ಕೊಟ್ಟದ್ದೆಲ್ಲ ಬಡ್ಡಿ ಸಮೇತ ವಾಪಸ್ ಬರುತ್ತಿದೆಯೆಂದು ನಿತ್ಯಾನಂದನಿಗೆ ಅನ್ನಿಸಿತು. ಕೊನೆಗೆ ಎದ್ದು, ಮರದಡಿ ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿದ್ದ ಬೊಮ್ಮಯ್ಯನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತ.

"ಟಾಸ್ ಗೆದ್ರೆ ಎಂತ ಮಾಡುದು ಬೊಮ್ಮಯ್ಯಣ್ಣ?"

"ಅದು ನಿಂಗೆ ಗೊತ್ತಿಲ್ದೆ ಇರ್ತದಾ," ಎಂದಿತು ಟವೆಲು.

ಟಾಸ್ ಶಿರಾಲಿಯದಾಯಿತು. ಬ್ಯಾಟಿಂಗ್ ಎಂದು ಹೇಳಬೇಕೆಂದೇ ನಿತ್ಯಾನಂದ ಬಾಯಿ ತೆರೆದ. ಒಂದು ತಿಂಗಳಿಂದ ಹಗಲು ರಾತ್ರಿ ಫೀಲ್ಡಿಂಗ್, ಫೀಲ್ಡಿಂಗ್ ಎಂದು ಬೈದು ಬೈದು ನಾಲಿಗೆಗೆ ಅದೇ ರೂಢಿಯಾಗಿತ್ತೋ ಏನೋ, ಹೊರಗೆ ಬಂದದ್ದು "ಫೀಲ್ಡಿಂಗ್". ಶಿರಾಲಿಯವರು ಹೋ ಎಂದು ಬೊಬ್ಬೆ ಹೊಡೆದರು. ಮೈಕಿನಲ್ಲಿ ಮಾಸ್ತರರು, ಕಳೆದ ತಿಂಗಳು ಇದೇ ತೀರ್ಮಾನಕ್ಕಾಗಿ ದೇಶದ ಕ್ಯಾಪ್ಟನ್ನನ್ನೇ ಬೈದವರು ಇವರೇ ಎಂಬುದನ್ನು ಪ್ರೇಕ್ಷಕರ ಗಮನಕ್ಕೆ ತಂದರು.

ಮೊದಲ ಓವರುಗಳಲ್ಲೇ ಮಂಕಿಯವರು ಬೀಸಿ ಬೀಸಿ ಹೊಡೆದರು. ಚೆಂಡು ತೆಂಗಿನ ತೋಟಕ್ಕೆ ಬೀಳುವುದು, ಹುಡುಕಿ ತರುವುದು, ಮತ್ತೆ ಬೀಳುವುದು. ಶಿರಾಲಿಯ ವೇಗದ ಬೌಲರುಗಳೆಲ್ಲ ನನಗೆ ಕೊಡು, ಅವನಿಗೆ ಕೊಡಬೇಡ ಎಂದು ನಿತ್ಯಾನಂದನ ಸುತ್ತ ನಿಂತು ಜಗಳಕ್ಕಿಳಿದರು. ಒಬ್ಬನಿಗೆ ಕೊಟ್ಟರೆ ಮತ್ತೊಬ್ಬ ಮುನಿಸಿಕೊಳ್ಳುತ್ತಾನೆ. ಇವರ ಕಾಟ ತಪ್ಪಿದರೆ ಸಾಕೆಂದು ಅವನು ಏನೂ ಕೇಳದೆ ದೂರದಲ್ಲಿ ನಿಂತಿದ್ದ ನಾಗುವಿನ ಕಡೆ ಚೆಂಡು ಎಸೆದ.

ನಾಗು ಬೌಲಿಂಗ್ ಮಾಡಿದ್ದನ್ನು ಕಂಡವರೇ ಇರಲಿಲ್ಲ. ಹನ್ನೊಂದನೆಯವನು ಬೇಕೆಂದು ಟೆಂಪೋ ಹತ್ತಿಸಿಕೊಂಡು ಬಂದ ಆಸಾಮಿ. ಅವನು ಹಾಕಿದ ಚೆಂಡು ಎಷ್ಟು ನಿಧಾನವಾಗಿ ಬಂತೆಂದರೆ, ಪ್ರಕಾಶ ಹೊಡೆಯಲು ಬ್ಯಾಟು ಎತ್ತಿ, ಬೀಸಿ, ಕೆಳಗಿಳಿಸಿ ಆದ ಮೇಲೂ ಅದು ಇನ್ನೂ ದಾರಿಯಲ್ಲೇ ಇತ್ತು. ಆಮೇಲೆ ಸಾವಕಾಶವಾಗಿ ಬಂದು ಸ್ಟಂಪಿಗೆ ಒರಗಿ ಬೇಲ್ಸ್ ಬೀಳಿಸಿತು. ಮುಂದಿನವನು ಕಾದು ಹೊಡೆಯಹೋಗಿ ಬೌಂಡರಿಯ ಉದ್ದ ಕಾಲಿನವನಿಗೆ ಕ್ಯಾಚು ಕೊಟ್ಟ. ಬಿರುಸಿನ ಚೆಂಡಿಗೆ ಪಳಗಿದ ಮಂಕಿಯವರಿಗೆ ಈ ಎತ್ತಿನಗಾಡಿಯನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಬಂದರು, ಬೀಸಿದರು, ಹೋದರು. ಶಿರಾಲಿಯವರ ಬೊಬ್ಬೆ ಈಗ ಜೈಕಾರವಾಯಿತು. ಗದ್ದೆಯ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತ ನಿತ್ಯಾನಂದ ಮೊದಲ ಸಲ ಎದೆ ಉಬ್ಬಿಸಿ ಉಸಿರೆಳೆದ.

ಆಮೇಲೆ ಶಿರಾಲಿಯ ಬ್ಯಾಟಿಂಗು. ಗುರಿ ಸಣ್ಣದು. ಆದರೆ ಸಂಜೆಯ ಕಡಲಗಾಳಿ ಎದ್ದಿತ್ತು. ಅದನ್ನು ಬೆನ್ನಿಗಿಟ್ಟುಕೊಂಡು ಪ್ರಕಾಶ ಓಡಿ ಬರುತ್ತಿದ್ದರೆ ಹೈವೇಯಲ್ಲಿ ಮಂಗಳೂರು ಬಸ್ಸು ಬಂದ ಹಾಗೆ. ಶಿರಾಲಿಯ ವಿಕೆಟುಗಳು ತೊಪತೊಪನೆ ಉದುರಿದವು. ಕೊನೇ ಓವರಿಗೆ ಮೂರು ರನ್ನು ಬೇಕು ಎನ್ನುವಾಗ ಒಂದು ತುದಿಯಲ್ಲಿ ನಾಗು ಉಳಿದಿದ್ದ. ಇನ್ನೊಂದು ತುದಿಗೆ ಹೋಗಬೇಕಾದವನು ತನ್ನನ್ನು ತಾನೇ ಕೊನೆಗೆ ಇಟ್ಟುಕೊಂಡಿದ್ದ ಕ್ಯಾಪ್ಟನ್.

ಅವನು ಬ್ಯಾಟು ಹಿಡಿದು ನಡೆದ. ಬೀಸಬೇಡ, ತಡೆ ಎಂದು ಎಡಗಡೆಯಿಂದ ಕೂಗಿದರು. ತಡೆಯಬೇಡ, ಓಡು ಎಂದು ಬಲಗಡೆಯಿಂದ. ಮಾಲಿನಿ ಗಂಡನನ್ನು ನೋಡುವುದೋ ತಮ್ಮನನ್ನು ನೋಡುವುದೋ ತಿಳಿಯದೆ ಕಣ್ಣು ಮುಚ್ಚಿಕೊಂಡಳು. ಪ್ರಕಾಶ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಹತ್ತಿರ ಬಂದು, ಮೆತ್ತಗೆ ಕೇಳಿದ: "ಭಾವ, ರಾತ್ರಿ ಊಟಕ್ಕೆ ನಮ್ಮನೆಗೇ ಬರ್ತ್ರಿ ಅಲ್ದಾ?"

ಹಾಗೆ ಕೇಳಿ ಹೋಗಿ, ದೂರದಿಂದ ಓಡಿ ಬಂದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದ. ನಿತ್ಯಾನಂದನಿಗೆ ಕಂಡದ್ದು ಹಳದಿ ಬಣ್ಣದ ಒಂದು ಗೆರೆ ಅಷ್ಟೇ. ಅವನೂ ಕಣ್ಣು ಮುಚ್ಚಿ, ಮೀನಿಗೆ ಬಂದ ಬೆಕ್ಕನ್ನು ಓಡಿಸುವವರ ಹಾಗೆ ಬ್ಯಾಟು ಬೀಸಿದ. ಎಲ್ಲೋ ಟಪ್ ಎಂದಿತು. ಕಣ್ಣು ಬಿಟ್ಟಾಗ ಕೀಪರ್ ತಲೆಯೆತ್ತಿ ಆಕಾಶ ನೋಡುತ್ತಿದ್ದ. ಬ್ಯಾಟಿನ ಅಂಚಿಗೆ ಬಡಿದ ಚೆಂಡು ಅವನ ತಲೆಯ ಮೇಲಿಂದ ಹಾರಿ, ಗದ್ದೆಯ ಅಂಚು ದಾಟಿ ತೆಂಗಿನ ತೋಟದೊಳಗೆ ಉರುಳುತ್ತಿತ್ತು.

ಶಿರಾಲಿಗೆ ಶಿರಾಲಿಯೇ ಗದ್ದೆಗೆ ನುಗ್ಗಿತು. ನಿತ್ಯಾನಂದನನ್ನು ಎತ್ತಿದರು, ಭಾರ ತಡೆಯಲಾರದೆ ಇಳಿಸಿದರು, ಮತ್ತೆ ಎತ್ತಿದರು. ಪಟಾಕಿ ಸಿಡಿಯಿತು. ಪ್ರಕಾಶ ಬಂದು ಕೈಕುಲುಕಿದ. ಮಾಲಿನಿ ತವರಿನವರ ಮಧ್ಯೆ ನಿಂತು, ಯಾರಿಗೂ ಕಾಣದ ಹಾಗೆ ಗಂಡನ ಕಡೆ ನೋಡಿ ನಕ್ಕಳು. ಆ ನಗುವಿಗಾಗಿ ಇನ್ನೊಂದು ಫೈನಲ್ ಆಡಲೂ ಅವನು ತಯಾರಿದ್ದ.

ಮೈಕಿನಲ್ಲಿ ಮಾಸ್ತರರು ಗೆಲುವನ್ನು ಬಿಡಿಸಿ ಬಿಡಿಸಿ ವಿವರಿಸಿದರು. ಬೆಳಿಗ್ಗೆ ಆಡಿ ದಣಿದ ಮಂಕಿಯವರನ್ನು ಸುಡುಬಿಸಿಲಿನಲ್ಲೇ ಆಡಿಸಲೆಂದು ಫೀಲ್ಡಿಂಗ್ ಆರಿಸಿದ್ದಂತೆ. ನಾಗುವನ್ನು ಮೂರು ವರ್ಷದಿಂದ ಗುಟ್ಟಾಗಿ ತಯಾರು ಮಾಡಿದ್ದಂತೆ. ಕೊನೆಯ ಹೊಡೆತ ಕೀಪರಿನ ಎತ್ತರ ಅಳೆದೇ ಹೊಡೆದದ್ದಂತೆ. ಒಂದೊಂದನ್ನು ಕೇಳುತ್ತಲೂ ನಿತ್ಯಾನಂದನಿಗೆ ಅದೆಲ್ಲ ನಿಜವೇ ಇರಬೇಕೆಂದು ನಂಬಿಕೆ ಬರತೊಡಗಿತು. ಅವನು ಅಂಗಿಯ ಕಾಲರು ಸರಿಮಾಡಿಕೊಂಡು ಕಪ್ಪಿನ ಮೇಜಿನ ಕಡೆ ಹೆಜ್ಜೆಯಿಟ್ಟ.

"ಆದರೆ ಬಂಧುಗಳೇ," ಎಂದರು ಮಾಸ್ತರರು, "ಇವತ್ತಿನ ಅತಿ ದೊಡ್ಡ ತೀರ್ಮಾನ ಗದ್ದೆಯೊಳಗೆ ಆದದ್ದಲ್ಲ, ಗೇರುಮರದ ಕೆಳಗೆ ಆದದ್ದು. ಫೈನಲ್ ಪಂದ್ಯವನ್ನು ರಿಬ್ಬನ್ ಮಾರುವವರ ಕೈಗೆ ಒಪ್ಪಿಸುವ ಧೈರ್ಯ ಈ ಕರಾವಳಿಯಲ್ಲಿ ಇನ್ಯಾವ ಕ್ಯಾಪ್ಟನ್ನಿಗೆ ಉಂಟು? ಕಪ್ಪು ಸ್ವೀಕರಿಸಲು ಬೊಮ್ಮಯ್ಯನವರು ಬರಬೇಕು."

ಗದ್ದೆಯೆಲ್ಲ ಚಪ್ಪಾಳೆ. ಹೌದೌದು, ತಲೆ ಅಂದ್ರೆ ಬೊಮ್ಮಯ್ಯಂದು ಎಂದು ಇಷ್ಟು ಹೊತ್ತು ನಿತ್ಯಾನಂದನನ್ನು ಹೊತ್ತವರೇ ಹೇಳಿಕೊಂಡರು. ಬೊಮ್ಮಯ್ಯ ಎದ್ದು, ಸೊಂಟದ ನೋವಿನ ಸುಳಿವೇ ಇಲ್ಲದೆ ನಡೆದು ಬಂದು ಕಪ್ಪು ಎತ್ತಿಕೊಂಡ. ಅವನನ್ನು ಎತ್ತಿದ ಹುಡುಗರು ಮಾತ್ರ ಇಳಿಸಲಿಲ್ಲ.

ಮಾಸ್ತರರಿಗೆ ಇನ್ನೂ ತೃಪ್ತಿಯಾಗಿರಲಿಲ್ಲ. ಬೊಮ್ಮಯ್ಯನ ತೀರ್ಮಾನಗಳನ್ನು ಎಂದೂ ಒಪ್ಪದ ನಿತ್ಯಾನಂದ ನಾಯ್ಕರೇ ಇದರ ಬಗ್ಗೆ ಎರಡು ಮಾತಾಡಲಿ ಎಂದು ಅವನ ಕೈಗೆ ಮೈಕು ತುರುಕಿದರು.

ಅವನ ಬಾಯಿ ತಾನಾಗಿಯೇ ತೆರೆಯಿತು. ತಪ್ಪು ತೀರ್ಮಾನ ಎನ್ನಬೇಕು. ಅಂದುಬಿಟ್ಟರೆ, ತಾನು ಕ್ಯಾಪ್ಟನ್ ಆಗಲು ಲಾಯಕ್ಕಿಲ್ಲವೆಂದು ಹೆಂಡತಿಯ ತವರೂರಿನಲ್ಲಿ ನಿಂತು ತಾನೇ ಸಾರಿದ ಹಾಗೆ. ಸರಿ ಎಂದರೆ ಕಪ್ಪು ಬೊಮ್ಮಯ್ಯನದು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮಧ್ಯಾಹ್ನದಿಂದ ಸಲಹೆ ಕೊಟ್ಟವರಲ್ಲಿ ಒಬ್ಬರೂ ಈಗ ತುಟಿ ಬಿಚ್ಚಲಿಲ್ಲ.

"ಬೊಮ್ಮಯ್ಯಣ್ಣ ಮಾಡಿದ್ದು," ಎಂದು ಅವನು ಉಗುಳು ನುಂಗಿದ. ಧ್ವನಿವರ್ಧಕವೂ ಗಟ್ಟಿಯಾಗಿ ಉಗುಳು ನುಂಗಿತು. "ಸರಿ ಉಂಟು."

ಹುಡುಗರ ಹೆಗಲ ಮೇಲಿಂದ ಬೊಮ್ಮಯ್ಯ ಬಗ್ಗಿ ಅವನ ಬೆನ್ನು ತಟ್ಟಿದ. "ಆತು ಹಂಗಾದ್ರೆ. ಬರೂ ವರ್ಷ ಕ್ಯಾಪ್ಟನ್ ನಾನೇ," ಎಂದ. "ಅದೂ ಸರಿಯೇ ಅಲ್ದಾ?"

ನಿತ್ಯಾನಂದನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಉತ್ತರ ಬಂದಿತ್ತು. ಆದರೆ ಮೈಕು ಇನ್ನೂ ಅವನ ಕೈಯಲ್ಲೇ ಇತ್ತು.