ಗುಂಡಿನ ಪ್ರೆಸ್ಸಿನಲ್ಲಿ ಒತ್ತು ಶ್ಯಾವಿಗೆ

ದೇವರು ಶ್ರೀಪತಿಗೆ ಧಾರಾಳವಾಗಿ ಕೊಟ್ಟಿದ್ದ ಮೈತೂಕವನ್ನು ಅವನ ಅತ್ತೆ ಗಿರಿಜಮ್ಮ ಶ್ಯಾವಿಗೆ ಒತ್ತುವ ಕೆಲಸಕ್ಕೆಂದೇ ಮೀಸಲಿಟ್ಟಿದ್ದರು. ಮೈಸೂರಿನಿಂದ ಮಲೇಷ್ಯಾದ ಪುಚೊಂಗ್‌ಗೆ ಮಗಳ ಮನೆಗೆ ಬರುವಾಗಲೆಲ್ಲ ಮೂರು ಕಾಲಿನ ಕಬ್ಬಿಣದ ಶ್ಯಾವಿಗೆ ಒರಳೂ ಅವರ ಸೀರೆಗಳ ನಡುವೆ ಮಲಗಿ ವಿಮಾನದಲ್ಲಿ ಬರುತ್ತಿತ್ತು. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿ ಆರುವ ಮೊದಲೇ ಒತ್ತಬೇಕು. ಶ್ರೀಪತಿ ಹಿಡಿಯ ಮೇಲೆ ಮೈಯೆಲ್ಲ ಹೇರಿ ಜೋತುಬೀಳಬೇಕು, ಹೆಂಡತಿ ರತ್ನ ಒರಳಿನ ಕಾಲು ಹಿಡಿದುಕೊಂಡು "ಇನ್ನೂ ಸ್ವಲ್ಪ, ರೀ" ಎನ್ನುತ್ತಿರಬೇಕು. ಹೋದ ವರ್ಷ ಹಾಗೆ ಜೋತುಬಿದ್ದು ಬಲಭುಜ ಹಿಡಿದುಕೊಂಡಿದ್ದರಿಂದ, ಬಹಳ ದಿನ ಆಫೀಸಿನಲ್ಲಿ ಎಡಗೈಯಲ್ಲೇ ಮೌಸ್ ಆಡಿಸಿದ್ದ.

ಈ ವರ್ಷವೂ ಕನ್ನಡ ಬಳಗದ ಗಣೇಶ ಹಬ್ಬಕ್ಕೆ ರತ್ನನ ಶ್ಯಾವಿಗೆಯೇ ಆಗಬೇಕೆಂದು ತೀರ್ಮಾನವಾದಾಗ, ಏನಾದರೂ ಸರಿ ಭುಜ ಉಳಿಸಿಕೊಳ್ಳಬೇಕೆಂದು ಅವನು ಪಣ ತೊಟ್ಟ.

ದಾರಿ ತೋರಿಸಿದವನು ಸಹೋದ್ಯೋಗಿ ತ್ರಿವಿಕ್ರಮ. ಟೆಕ್ಸಾಸ್‌ನಿಂದ ವರ್ಗವಾಗಿ ಬಂದವನು. ಅಲ್ಲಿ ಶೂಟಿಂಗ್ ಕ್ಲಬ್ಬಿನ ಚಟವಿದ್ದಾಗ, ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಗುಂಡು ಕೂರಿಸಲು ಎರಡು ಪ್ರೆಸ್ ಕೊಂಡಿದ್ದ. ಬಂದೂಕನ್ನು ಅಲ್ಲೇ ಮಾರಿದ್ದರೂ ಪ್ರೆಸ್ಸುಗಳು ಗ್ಯಾರೇಜಿನ ಗುಜರಿಯ ಜೊತೆ ಇಲ್ಲಿಗೆ ಬಂದಿಳಿದಿದ್ದವು. "ಯಾವುದು ಬೇಕೋ ತಗೊಂಡು ಹೋಗಪ್ಪ, ಮನೇಲಿಟ್ಕೊಳ್ಳೋಕೆ ನಂಗೇ ಭಯ" ಎಂದ. ಕೊಡುವವನಿಗೇ ಭಯವಾಗುವ ಸಾಮಾನು ತಗೊಳ್ಳುವವನಿಗೆ ಯಾಕೆ ಎಂದು ಯೋಚಿಸುವಷ್ಟು ವ್ಯವಧಾನ ಶ್ರೀಪತಿಗಿರಲಿಲ್ಲ. ಅವನ ಕಣ್ಣೆಲ್ಲ ಆ ಉದ್ದನೆಯ ಹಿಡಿಯ ಮೇಲಿತ್ತು. ಎರಡು ಬೆರಳಲ್ಲಿ ಎಳೆದರೆ ಕಬ್ಬಿಣವೇ ಅಮುಕಿಹೋಗುತ್ತದೆ, ಅಕ್ಕಿಹಿಟ್ಟು ಯಾವ ಲೆಕ್ಕ?

ಯಾವುದನ್ನು ಆರಿಸುವುದೆಂಬುದೇ ಕಷ್ಟವಾಯಿತು. ಒಂದಕ್ಕೆ ಒಂದೇ ಅಚ್ಚು ಕೂರುತ್ತಿತ್ತು. ಇನ್ನೊಂದು ಟರೆಟ್ ಪ್ರೆಸ್ಸು. ನೆತ್ತಿಯ ಮೇಲೆ ಗಿರ್ರೆಂದು ತಿರುಗುವ ದಪ್ಪ ತಟ್ಟೆ, ಅದರಲ್ಲಿ ನಾಲ್ಕು ಅಚ್ಚು. ಶ್ರೀಪತಿ ತೆಗೆದುಕೊಂಡು ಬಂದ ಫೋಟೋ ನೋಡಿ ಪಕ್ಕದ ಮನೆಯ ಮಂಗಳೂರಿನ ಎಡ್ಮಂಡ್ ಕೇಳದೆಯೇ ಸಲಹೆ ಕೊಟ್ಟರು: "ಒಂದೇ ಅಚ್ಚಿನದ್ದು ತಕ್ಕೊಳ್ಳಿ ಮಾರಾಯ್ರೆ. ತಿರುಗುವ ಸಾಮಾನು ಎಲ್ಲ ಬೇಗ ಹಾಳಾಗ್ತದೆ. ನಮ್ಮ ಫ್ಯಾನ್ ನೋಡಿ."

"ನಾಲ್ಕಿದ್ರೆ ಶ್ಯಾವಿಗೆ, ಚಕ್ಕುಲಿ, ಖಾರದ ಕಡ್ಡಿ ಎಲ್ಲಾ ಆಗುತ್ತಲ್ಲ" ಎಂದಳು ರತ್ನ.

"ಒತ್ತೋಕೆ ಅಳಿಯಂದ್ರು ಇರೋವಾಗ ಮೆಷಿನ್ ಯಾಕೆ?" ಎಂದರು ಗಿರಿಜಮ್ಮ.

"ಇನ್ಮೇಲೆ ನಿಮ್ಮ ಒರಳನ್ನ ಮ್ಯೂಸಿಯಮ್‌ಗೆ ಕೊಡಿ ಅತ್ತೆ" ಎಂದು ನಕ್ಕು, ಶ್ರೀಪತಿ ಟರೆಟ್ ಪ್ರೆಸ್ಸನ್ನೇ ಹೊತ್ತು ತಂದ. ಗಿರಿಜಮ್ಮ ಒರಳಿಗೆ ಒಂದು ಟವೆಲ್ ಹೊದಿಸಿದರು ಅಷ್ಟೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ, ಪುಚೊಂಗ್‌ನ ಲೇತ್ ಅಂಗಡಿಯಲ್ಲಿ ಮಾಡಿಸಿದ್ದ ಶ್ಯಾವಿಗೆ ಅಚ್ಚನ್ನು ಕೂರಿಸಿ, ಪ್ರೆಸ್ಸನ್ನು ಊಟದ ಮೇಜಿಗೆ ಬಿಗಿದು, ಬಿಸಿ ಹಿಟ್ಟು ತುಂಬಿ ಶ್ರೀಪತಿ ಹಿಡಿ ಎಳೆದ. ಗುಂಡಿನ ಪ್ರೆಸ್ಸು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆಂಬುದು ಅವನಿಗೆ ಆಗ ಹೊಳೆಯಿತು. ಶ್ಯಾವಿಗೆ ನೆತ್ತಿಯಿಂದ ಕೂದಲು ನಿಮಿರಿದಂತೆ ನೆಟ್ಟಗೆ ಮೇಲೆದ್ದು, ಹಬೆಯಾಡುತ್ತ ಬಾಗಿ ಮೇಜಿನ ತುಂಬ ಮಲಗಿತು. ರತ್ನ ಕೈಯಲ್ಲಿ ಎತ್ತಿ ಹಿಡಿಯಲು ಹೋದಾಗ ಫ್ಯಾನಿನ ರೆಕ್ಕೆಗೆ ಸಿಕ್ಕಿ, ಅರ್ಧ ಪರದೆಗೂ ಇನ್ನರ್ಧ ಕಾಫಿಗೆಂದು ಬಂದು ಕೂತಿದ್ದ ಎಡ್ಮಂಡರ ಕನ್ನಡಕಕ್ಕೂ ಹಾರಿತು.

"ಎಂತ ಇದು, ಮಾರಾಯ್ರೆ!"

ಶ್ರೀಪತಿ ಎದೆಗುಂದಲಿಲ್ಲ. ಪ್ರೆಸ್ಸನ್ನು ಬಿಚ್ಚಿ, ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು, ತಾನೂ ಮೇಜಿನಡಿಗೆ ನುಸುಳಿ ಅಂಗಾತ ಮಲಗಿ ಹಿಡಿ ಎಳೆದ. ಎದೆಯ ಮೇಲಿಟ್ಟುಕೊಂಡಿದ್ದ ತಟ್ಟೆಗೆ ಶ್ಯಾವಿಗೆ ಎಳೆ ಎಳೆಯಾಗಿ ಇಳಿಯಿತು. "ಎರಡೇ ಬೆರಳು, ಅತ್ತೆ! ನೋಡಿ, ಎರಡೇ ಬೆರಳು!" ಎಂದು ಕೆಳಗಿನಿಂದಲೇ ಕೂಗಿದ.

"ಒಳ್ಳೇದಾಯ್ತು" ಎಂದ ಗಿರಿಜಮ್ಮ ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಟರು.

ಕನ್ನಡಕ ತೊಳೆದುಕೊಂಡು ಬಂದ ಎಡ್ಮಂಡ್, ಪ್ರೆಸ್ಸಿನ ಮೇಲಿದ್ದ ಹೆಸರನ್ನು ಫೋನಿನಲ್ಲಿ ಹುಡುಕಿ ಬಿಳಿಚಿಕೊಂಡರು. "ಇದು ಗುಂಡು ತುಂಬಿಸುವುದಾ? ಈ ದೇಶದಲ್ಲಿ ಗುಂಡಿನ ವಿಷಯ ತಮಾಷೆ ಅಲ್ಲ. ನಾನು ನಿಮ್ಮ ಮನೆಗೆ ಇವತ್ತು ಬರ್ಲೇ ಇಲ್ಲ, ಆಯ್ತಾ?" ಎಂದು ಕಾಫಿಯನ್ನೂ ಬಿಟ್ಟು ಓಡಿದರು.

ಸ್ವಲ್ಪ ಹೊತ್ತಿಗೆಲ್ಲ ಕಾಂಡೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಮಾತಿಗೊಂದು 'ಲಾ' ಸೇರಿಸುವ ಅಲ್ಲಿನ ಧಾಟಿಯಲ್ಲಿ, ಗಲಾಟೆ ಶುರುವಾಯಿತು. ಗೇಟಿನಲ್ಲಿ ಪೊಲೀಸ್ ಬಂದಿದ್ದಾರೆ ಲಾ, ಯಾರ ಮನೆಗೆ ಲಾ?

"ಎಡ್ಮಂಡೇ ಹಿಡಿದುಕೊಟ್ಟಿದ್ದು!" ಎಂದು ಶ್ರೀಪತಿ ಹಲ್ಲು ಕಡಿದ. ಕೆಲಸ, ವೀಸಾ ಪಾಸು, ಸಂಸಾರ ಎಲ್ಲ ಕಣ್ಣೆದುರು ಗಂಟುಮೂಟೆ ಕಟ್ಟಿದವು. ಪ್ರೆಸ್ಸನ್ನು ಬಿಚ್ಚಿ, ರತ್ನನ ರೇಷ್ಮೆ ಸೀರೆಯಲ್ಲಿ ಸುತ್ತಿ, ಸಾಮಾನಿನ ಟ್ರಾಲಿಯ ಮೇಲೆ ಕೂರಿಸಿ ಲಿಫ್ಟಿಗೆ ನುಗ್ಗಿದ. ಒಳಗೆ ಮೇಲಿನ ಮಹಡಿಯ ತಮಿಳು ಆಂಟಿ ನಿಂತಿದ್ದರು.

"ಎನ್ನ ಸಾರ್ ಇದು?"

"ಗ... ಗಣಪತಿ" ಎಂದುಬಿಟ್ಟ.

ಆಂಟಿ ಲಿಫ್ಟಿನಲ್ಲೇ ಚಪ್ಪಲಿ ಕಳಚಿ, ಕೆನ್ನೆಗೆ ಹೊಡೆದುಕೊಂಡು, ತಮ್ಮ ಮುಡಿಯ ಮಲ್ಲಿಗೆಯನ್ನೇ ತೆಗೆದು ಪ್ರೆಸ್ಸಿಗೆ ಮುಡಿಸಿದರು. ಕೆಳಗೆ ಬಾಗಿಲು ತೆರೆದರೆ ಎದುರಿಗೇ ಇನ್ಸ್‌ಪೆಕ್ಟರ್, ಹಿಂದೆ ಇಬ್ಬರು ಪೇದೆಗಳು. "ಸ್ವಾಮಿ ಬರ್ತಿದೆ, ದಾರಿ ಬಿಡಿ" ಎಂದು ಆಂಟಿ ಗದರಿದಾಗ ಮೂವರೂ ಗೌರವದಿಂದ ಸರಿದು ನಿಂತರು. ಇನ್ನೇನು ಪಾರಾದೆ ಅನ್ನುವಷ್ಟರಲ್ಲಿ ಸೆರಗು ಜಾರಿ, ಉದ್ದನೆಯ ಹಿಡಿ ಹೊರಗೆ ಇಣುಕಿತು.

"ಅಪಾ ನಿ?" ಎಂದರು ಇನ್ಸ್‌ಪೆಕ್ಟರ್, ಇದೇನೆಂದು.

"ಸೊಂಡಿಲು" ಎಂದ ಶ್ರೀಪತಿ.

ಮುಂದಿನ ಕಾರ್ಯಕ್ರಮ ಅವನ ಅಡುಗೆಮನೆಯಲ್ಲೇ ನಡೆಯಿತು. ಪ್ರೆಸ್ಸನ್ನು ಮತ್ತೆ ಮೇಜಿನಡಿಗೆ ಬಿಗಿದು, ಕೆಳಗೆ ಮಲಗಿ ಹಿಡಿ ಎಳೆದು ತೋರಿಸಿದ. ತಟ್ಟೆಗೆ ಇಳಿದದ್ದನ್ನು ಕಂಡು ಇನ್ಸ್‌ಪೆಕ್ಟರ್ ಮುಖ ಅರಳಿತು. "ಪುತು ಮಾಯಂ!" ಬೀದಿಯಲ್ಲಿ ಮಾರುವ, ಶ್ಯಾವಿಗೆಯಂಥದೇ ಆ ತಿಂಡಿಯೆಂದರೆ ಅವರಿಗೆ ಪ್ರಾಣ. ರತ್ನ ಕಾಯಿತುರಿ, ಬೆಲ್ಲ ಹಾಕಿ ಕೊಟ್ಟಳು. ಎರಡನೇ ತಟ್ಟೆಯನ್ನು ಅವರೇ ಕೇಳಿ ಹಾಕಿಸಿಕೊಂಡರು. ಕೈ ತೊಳೆದು ತೀರ್ಪು ಕೊಟ್ಟರು: ಮನುಷ್ಯ ನಿರಪರಾಧಿ, ಯಂತ್ರ ಮಾತ್ರ ಪರೀಕ್ಷೆಗೆ ಠಾಣೆಗೆ ಬರಬೇಕು. ಆಮೇಲೆ ನಾಚುತ್ತ, ಠಾಣೆಯಲ್ಲಿ ಒಂದು ಮಕಾನ್, ಅಂದರೆ ಊಟದ ಕೂಟ ಇದೆ, ಅದಕ್ಕೆ ಎಲ್ಲರಿಗೂ ಇದನ್ನೇ ತಪಾವ್, ಅಂದರೆ ಪಾರ್ಸೆಲ್ ಕಟ್ಟಿಕೊಡಲು ಆಗುತ್ತದೆಯೇ ಎಂದರು.

"ಆಗುತ್ತೆ, ಆಗುತ್ತೆ!" ಎಂದಳು ರತ್ನ. ಗಂಡ ಜೈಲಿಗೆ ಹೋಗದಿರಲು ಅವಳು ಇಡೀ ಪೊಲೀಸ್ ಇಲಾಖೆಗೇ ಶ್ಯಾವಿಗೆ ಮಾಡಿಕೊಡಲು ಒಪ್ಪಿಕೊಳ್ಳುತ್ತಿದ್ದಳು.

ಪೊಲೀಸರು ಹೋದದ್ದೇ ಶ್ರೀಪತಿ ಎಡ್ಮಂಡರ ಬಾಗಿಲು ಬಡಿದ. ಜಪಮಾಲೆ ಹಿಡಿದು ಬಂದ ಅವರು ಅಳುವುದೊಂದು ಬಾಕಿ. "ನಾನು ಹೇಳ್ಲಿಲ್ಲ, ಏಸುವಿನ ಆಣೆ! ನಿಮಗಾಗಿ ಪ್ರಾರ್ಥನೆ ಮಾಡ್ತಾ ಇದ್ದೆ ಮಾರಾಯ್ರೆ!"

ತಬ್ಬಿಬ್ಬಾಗಿ ಮನೆಗೆ ಮರಳಿದರೆ, ಅಡುಗೆಮನೆಯ ನಡುವೆ ಮೂರು ಕಾಲಿನ ಒರಳು ಟವೆಲ್ ಕಳಚಿ ನಿಂತಿತ್ತು. ಗಿರಿಜಮ್ಮ ಅದಕ್ಕೆ ಎಣ್ಣೆ ಸವರುತ್ತಿದ್ದರು.

"ಪಾಪ, ಅವರನ್ನ ಯಾಕೆ ಬೈತೀರಿ? ಗೇಟಿನ ತಮಿಳು ಸೆಕ್ಯುರಿಟಿಗೆ ಹೇಳಿದ್ದು ನಾನು. ಸುಳ್ಳೇನೂ ಹೇಳಲಿಲ್ಲಪ್ಪ. ಅಮೆರಿಕದಲ್ಲಿ ಗುಂಡು ತುಂಬಿಸೋ ಮೆಷಿನ್ ನಮ್ಮನೇಲಿದೆ ಅಂದೆ, ಅಷ್ಟೆ."

"ಅತ್ತೆ! ನನ್ನನ್ನ ಹಿಡ್ಕೊಂಡು ಹೋಗಿದ್ರೆ?"

"ಅಷ್ಟೂ ಗೊತ್ತಾಗಲ್ವಾ ನಂಗೆ? ಮೆಷಿನ್ ಮಾತ್ರ ತಗೊಂಡು ಹೋಗಿ, ಅಳಿಯಂದ್ರು ಬೇಕು, ನಾಳಿನ ಹಬ್ಬಕ್ಕೆ ಶ್ಯಾವಿಗೆ ಒತ್ತಬೇಕು ಅಂತಾನೂ ಹೇಳಿ ಬಂದಿದೀನಿ."

ರತ್ನ ಒರಳಿನ ಕಾಲು ಹಿಡಿದು ಕೂತಳು. ಪಕ್ಕದಲ್ಲಿ ಬಳಗದ ಪಾತ್ರೆ, ಅದರ ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಠಾಣೆಯ ಪಾತ್ರೆ.

"ಬನ್ನಿ, ಹಿಟ್ಟು ಆರುತ್ತೆ" ಎಂದರು ಗಿರಿಜಮ್ಮ. ಶ್ರೀಪತಿ ಬಲಭುಜವನ್ನೊಮ್ಮೆ ಸವರಿಕೊಂಡು, ಹಿಡಿಗೆ ಜೋತುಬಿದ್ದ.