ನಮ್ಮ ಎಮ್ಮೆಯ ಮೇಲಿನ ಆಪಾದನೆ

ನನ್ನನ್ನು ಬೈದರೆ ತಡೆದುಕೊಳ್ಳುತ್ತೇನೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅದೇನೂ ಹೊಸದಲ್ಲ. ನಮ್ಮ ಎಮ್ಮೆಯನ್ನು ಅಂದರೆ ಮಾತ್ರ ಮೈ ಉರಿಯುತ್ತದೆ. ಸಂಪಗಾಂವದ ನಮ್ಮ ಹಿತ್ತಿಲಲ್ಲಿ ಕಟ್ಟಿರುವ ಆ ಬಡಜೀವ ಯಾರ ತಂಟೆಗೂ ಹೋದದ್ದಲ್ಲ. ಅದರ ಮೊಸರೋ, ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ.

ಮೊನ್ನೆ ಸುಡುಬಿಸಿಲಲ್ಲಿ ನನ್ನ ಹೆಂಡತಿಯ ತಮ್ಮ ರಾಮದುರ್ಗದಿಂದ ಬಂದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಊಟಕ್ಕೆ ಕೂತರೂ ಬಿಡುವುದಿಲ್ಲ. ಎರಡನೆಯ ಸಲ ಮೊಸರು ಹಾಕಿಸಿಕೊಳ್ಳುತ್ತ ಶುರುಮಾಡಿದ. ಜಗತ್ತು ಬಿಸಿಯಾಗುತ್ತಿರುವುದು ಬರೀ ಕಾರ್ಬನ್ ಡೈಆಕ್ಸೈಡಿನಿಂದಲ್ಲವಂತೆ. ಕಬ್ಬಿಗೆ ಸುರಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡು, ಎಮ್ಮೆ ತೇಗಿದಾಗ ಬರುವ ಮೀಥೇನು ಅದಕ್ಕಿಂತ ಎಷ್ಟೋ ಪಾಲು ಜೋರಂತೆ. ಸೊಂಟನೋವಿನಲ್ಲಿ ಹಾಲು ಹಿಂಡಿ ಬೇಸತ್ತಿದ್ದ ನನ್ನವಳಿಗೆ ಅಷ್ಟೇ ಸಾಕಾಯಿತು. ಬರುವ ಸಂತೆಗೆ ಎಮ್ಮೆಯನ್ನು ಬೈಲಹೊಂಗಲಕ್ಕೆ ಹೊಡೆದುಕೊಂಡು ಹೋಗಿ ಮಾರಿಬಿಡೋಣ ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಏಸಿ ಕಾರಿನಲ್ಲಿ ಬಂದಿಳಿದು, ಅದೇ ಎಮ್ಮೆಯ ಮೊಸರು ಉಂಡು, ಅದಕ್ಕೇ ಗಡೀಪಾರು! ಆ ಏಸಿಯ ಗ್ಯಾಸು ಸೋರಿದರೆ ಅದೂ ಜಗತ್ತು ಬಿಸಿಮಾಡುವ ಜಾತಿಯದೇ ಎಂದು ಇವನೇ ಹಿಂದೊಮ್ಮೆ ಹೇಳಿದ್ದ. ರಟ್ಟೆ ಹಿಡಿದು ಹಿತ್ತಿಲಿಗೆ ಎಳೆದೊಯ್ದು, ಮುತುವರ್ಜಿಯಿಂದ ಕಟ್ಟಿಸಿದ ಗೋಬರ್ ಗ್ಯಾಸಿನ ತೊಟ್ಟಿ ತೋರಿಸಿದೆ.

“ಸೆಗಣಿ ತಿಪ್ಪಿಗೆ ಬೀಳಂಗಿಲ್ಲ, ಗ್ಯಾಸು ಹೊರಗ ಹೋಗಂಗಿಲ್ಲ. ನಮ್ಮ ಎಮ್ಮಿ ಏನ್ ತಪ್ಪ ಮಾಡೇತಿ ಹೇಳು.”

ಬಾಗಿಲಲ್ಲಿ ನಿಂತಿದ್ದ ನನ್ನವಳು ಸಮಾಧಾನವಾಗಿಯೇ ಅಂದಳು: “ದಿನಾ ಮುಂಜಾನೆ ನೀವ ವಾಲ್ವ್ ತಗದು ಗಾಳಿಗೆ ಬಿಡತೀರಲ್ರಿ.”

ಸುಳ್ಳಲ್ಲ. ಜೋಳದ ರೊಟ್ಟಿ ಕಟ್ಟಿಗೆಯ ಒಲೆಯ ಮೇಲೆ ಉಬ್ಬಿದಂತೆ ಈ ಗ್ಯಾಸಿನ ಮೇಲೆ ಉಬ್ಬುವುದಿಲ್ಲವೆಂದು ಅವಳು ಅದನ್ನು ಚಹಾಕ್ಕಷ್ಟೇ ಹಚ್ಚುತ್ತಾಳೆ. ಉಳಿದ ಗ್ಯಾಸಿಗೆ ತೊಟ್ಟಿ ಎಲ್ಲಿ ಒಡೆದೀತೋ ಎಂಬ ಅಂಜಿಕೆಯಿಂದ ನಾನು ಅರ್ಧ ತಾಸು ಹೊರಗೆ ಬಿಡುತ್ತಿದ್ದೆ. ಹೊಗೆಯಿಲ್ಲ, ಮಸಿಯಿಲ್ಲ; ಹಾಗಾಗಿ ಪುಣ್ಯದ ಕೆಲಸವೆಂದೇ ತಿಳಿದಿದ್ದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನೇ ಅಂತೆ. ಹಾಗೇ ಬಿಡುವುದಕ್ಕಿಂತ ಸುಟ್ಟರೇ ಹಾನಿ ಕಡಿಮೆಯಂತೆ.

ಭಾವಮೈದುನ ನಗಲಿಲ್ಲ. ಎಮ್ಮೆಯ ಬೆನ್ನು ಸವರುತ್ತ ಹೇಳಿದ: “ಅಕ್ಕಾ, ಎಮ್ಮಿ ಇರ್ಲಿ ಬಿಡು. ತೇಗು ತಡಿಯೂದು ಅದರ ಕೈಯಾಗಿಲ್ಲ. ವಾಲ್ವ್ ಮಾಮಾನ ಕೈಯಾಗೈತಿ.”

ಎಮ್ಮೆ ಉಳಿಯಿತು. ಆದರೆ ದಿನದ ಗ್ಯಾಸು ದಿನವೇ ಸುಟ್ಟು ಮುಗಿಸಬೇಕೆಂದು ನನ್ನವಳ ಆಜ್ಞೆ. ಹೀಗಾಗಿ ಊರಿಗೆ ಊರೇ ತಣ್ಣೀರು ಸುರಿದುಕೊಳ್ಳುವ ಈ ಬಿಸಿಲಲ್ಲಿ, ಜಗತ್ತು ತಂಪಾಗಲೆಂದು ನಾನೊಬ್ಬನೇ ಹಂಡೆಗಟ್ಟಲೆ ಸುಡುನೀರು ಮೈಮೇಲೆ ಹೊಯ್ದುಕೊಳ್ಳುತ್ತಿದ್ದೇನೆ.