ಅಧ್ಯಕ್ಷರ ಜೇಬಿನ ಕಾರ್ಡು

ಮೇಜರ್ ಆರ್ವಿಲ್ ಟ್ಯಾಕೆಟ್‌ನ ಬಲಭುಜ ಎಡಭುಜಕ್ಕಿಂತ ಒಂದಂಗುಲ ಇಳಿದುಹೋಗಿತ್ತು. ಇಪ್ಪತ್ತು ಕಿಲೋ ತೂಕದ ಕರಿ ಚರ್ಮದ ಚೀಲ ಹೊತ್ತು ಅಮೆರಿಕದ ಅಧ್ಯಕ್ಷ ವೆಂಡೆಲ್ ಪ್ರೂಯಿಟ್ ಅವರ ಬೆನ್ನ ಹಿಂದೆ ಎರಡು ವರ್ಷ ಅಲೆದರೆ ಯಾರ ಭುಜ ತಾನೇ ಇಳಿಯುವುದಿಲ್ಲ? ಅಣುಬಾಂಬು ಹಾಕುವ ವಿಧಾನವೆಲ್ಲ ಚೀಲದಲ್ಲಿ. ಹಾಕೆನ್ನುತ್ತಿರುವವರು ಅಧ್ಯಕ್ಷರೇ ಎಂದು ಸಾಬೀತು ಮಾಡುವ ಗುಟ್ಟಿನ ಅಂಕಿಗಳು ಅವರ ಜೇಬಿನ ಕಾರ್ಡಿನಲ್ಲಿ. ನಾಲ್ಕು ತಿಂಗಳಿಗೊಮ್ಮೆ ಹಳೆ ಕಾರ್ಡು ಇಸಕೊಂಡು ಹೊಸದು ಕೊಡುವುದೂ ಟ್ಯಾಕೆಟ್‌ನದೇ ಕೆಲಸ.

ಇವತ್ತು ಅದು ಕೊನೆಯ ಸಲ. ಅವನಿಗೆ ಹವಾಯಿಗೆ ವರ್ಗವಾಗಿತ್ತು. ಕಾರ್ಡು ಬದಲಾಯಿಸಿ, ಆದೇಶಕ್ಕೆ ಅಧ್ಯಕ್ಷರ ರುಜು ಹಾಕಿಸಿಕೊಂಡರೆ ಸಂಜೆಯೇ ವಿಮಾನ. ಹೆಂಡತಿ ನದೀನ್ ಪೆಟ್ಟಿಗೆ ಕಟ್ಟಿ ಕಾಯುತ್ತಿದ್ದಳು.

"ಸರ್, ಹಳೆ ಕಾರ್ಡು?"

ಅಧ್ಯಕ್ಷರು ತಿಂಡಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಬೂದು ಕೋಟಲ್ಲಿರ್ಬೇಕು, ನೋಡಯ್ಯಾ."

"ಬೂದು ಕೋಟು ಇಸ್ತ್ರಿಗೆ ಹೋಗಿದೆ ಸಾರ್," ಎಂದ ಪರಿಚಾರಕ ಎಫ್ರೆನ್.

ಟ್ಯಾಕೆಟ್ ಇಸ್ತ್ರಿ ಕೋಣೆಗೆ ಓಡಿದ. ಚೀಲ ಕೆಳಗಿಡುವಂತಿಲ್ಲವಾದ್ದರಿಂದ ಒಂದೇ ಕೈಯಲ್ಲಿ ಬಟ್ಟೆ ರಾಶಿ ಕೆದಕಿದ. ಅಷ್ಟರಲ್ಲಿ ಅಧ್ಯಕ್ಷರು ಕ್ಷೌರಕ್ಕೆ ಹೊರಟರು. ಅವರಿದ್ದಲ್ಲಿ ಚೀಲವೂ ಇರಬೇಕೆಂಬುದು ನಿಯಮ. ಅಲ್ಲಿಗೂ ಓಡಿದ. ದಾರಿಯಲ್ಲಿ ಅಧ್ಯಕ್ಷರ ಪತ್ನಿ ಲುಸಿಂಡಾ ಎದುರಾದರು.

"ಗಾಲ್ಫ್ ಚೀಲ ನೋಡಿದ್ರಾ ಮೇಜರ್? ನಮ್ಮನೆಯವರು ಕೈಗೆ ಸಿಕ್ಕಿದ್ದನ್ನೆಲ್ಲ ಅದಕ್ಕೇ ತುರುಕ್ತಾರೆ."

ಅದರಲ್ಲಿ ಹದಿನೇಳು ಚೆಂಡು, ಅರ್ಧ ತಿಂದ ಡೋನಟ್ ಸಿಕ್ಕವು. ಅಧ್ಯಕ್ಷರು ಆಮೇಲೆ ಹುಲ್ಲುಹಾಸಿಗೆ, ಅಲ್ಲಿಂದ ಪತ್ರಕರ್ತರ ಕೋಣೆಗೆ, ಅಲ್ಲಿಂದ ನಿದ್ದೆಗೆ ಹೋದರು. ಪ್ರತಿ ಸಲವೂ ಹುಡುಕಾಟ ಅರ್ಧಕ್ಕೇ ನಿಂತಿತು.

ನಾಲ್ಕು ಗಂಟೆಗೆ ಅಧ್ಯಕ್ಷರು ಹೆಂಡತಿಯೊಡನೆ, ಬೆಳಗ್ಗೆ ತಿಂಡಿ ತಿಂದ ಮೇಜಿಗೇ ಕಾಫಿಗೆ ಬಂದರು. ಸುಸ್ತಾದ ಟ್ಯಾಕೆಟ್ ಎಡವಿ, ಚೀಲದ ಸಮೇತ ಮೇಜಿನಡಿಗೆ ಬಿದ್ದ. ಬಿದ್ದಲ್ಲೇ "ಸಿಕ್ತು!" ಎಂದು ಕಿರುಚಿದ. ಲೋಕವನ್ನೇ ಅಲ್ಲಾಡಿಸಬಲ್ಲ ಕಾರ್ಡು, ಮೇಜು ಅಲ್ಲಾಡದಂತೆ ಅದರ ಕಾಲಡಿ ಕೂತಿತ್ತು.

ಎಳೆದು ತೆಗೆದು ತಾರೀಕು ನೋಡಿದವನ ಮುಖ ಬಿಳಿಚಿಕೊಂಡಿತು. ಅದು ಎಂಟು ತಿಂಗಳ ಹಿಂದಿನದು. ಹೋದ ಸಲ ತಾನು ಎರಡು ಕಾರ್ಡನ್ನೂ ಒಂದೇ ಜೇಬಿಗೆ ಹಾಕಿಕೊಂಡು, ಹಳೆಯದನ್ನೇ ಅಧ್ಯಕ್ಷರಿಗೆ ಮರಳಿಸಿ, ಹೊಸದನ್ನು ಚೂರು ಮಾಡಿಸಿದ್ದ!

"ಸರ್, ತಪ್ಪಾಯ್ತು... ನಾಲ್ಕು ತಿಂಗಳಿಂದ ಈ ಕಾರ್ಡು ನಡೀತಿರ್ಲಿಲ್ಲ."

ಅಧ್ಯಕ್ಷರು ಮೇಜು ಗುದ್ದಿದರು. "ಓಹೋ, ನಿಂದಾ ಈ ಕಿತಾಪತಿ! ಹೋದ ತಿಂಗಳು ಸೇನೆಯವರಿಗೆ ಫೋನ್ ಮಾಡಿ ಅಂಕಿ ಓದಿದ್ರೆ, ಯಾವಳೋ ಅಧಿಕಾರಿ 'ಕುಡಿದಿದ್ರೆ ಮಲ್ಕೊಳ್ಳಿ' ಅಂತ ಇಟ್ಬಿಟ್ಳು. ಇದು ಇನ್ನೇನಕ್ಕೆ ಬಂತು ಅಂತ ಮೇಜಿನಡಿ ಇಟ್ಟು ಮರ್ತೇಬಿಟ್ಟೆ!"

"ಯಾಕ್ರೀ ಫೋನ್ ಮಾಡಿದ್ರಿ?" ಎಂದರು ಲುಸಿಂಡಾ, ಮೆಲ್ಲಗೆ.

"ಊಟಕ್ಕೆ ಬಂದಿದ್ದ ಆ ದ್ವೀಪದ ಪ್ರಧಾನಿ ನನ್ನ ಬಾರ್ಬೆಕ್ಯೂ ಮಾಂಸ ಒಣಗಿದೆ ಅಂದ ಕಣೇ! ನಮ್ಮಪ್ಪ ಹೇಳ್ಕೊಟ್ಟಿದ್ದು ಅದು!"

ಟ್ಯಾಕೆಟ್ ಚೀಲವನ್ನು ಎದೆಗವಚಿಕೊಂಡ.

"ಟ್ಯಾಕೆಟ್, ಈಗಿಂದೀಗ್ಲೇ ತೊಲಗು ಇಲ್ಲಿಂದ!"

ಅವನಿಗೆ ಸ್ವರ್ಗವೇ ಸಿಕ್ಕಂತಾಯಿತು. ಹೊಸ ಕಾರ್ಡನ್ನು ಮೇಜಿನ ಮೇಲಿಟ್ಟು, ವರ್ಗಾವಣೆ ಆದೇಶ ತೆಗೆದು ಮುಂದೆ ಹಿಡಿದ. "ಇಲ್ಲೊಂದು ರುಜು ಹಾಕ್ಬಿಡಿ ಸರ್."

"ನೀವು ಸುಮ್ನಿರ್ರೀ," ಎಂದು ಗಂಡನನ್ನು ಗದರಿದ ಲುಸಿಂಡಾ ಹಳೆ ಕಾರ್ಡನ್ನು ಒರೆಸಿ ಅವರ ಜೇಬಿಗೇ ಹಾಕಿದರು. ಹೊಸದನ್ನು ಟ್ಯಾಕೆಟ್‌ನ ಜೇಬಿಗೆ ತುರುಕಿದರು. "ಚೂರು ಮಾಡ್ಸಿ ಮೇಜರ್, ಹೋದ ಸಲದ ಹಾಗೇ. ಇವರ ಅಧಿಕಾರ ಮುಗಿಯೋವರೆಗೂ ಈ ಕೆಲಸಕ್ಕೆ ನಿಮ್ಮನ್ನ ಬಿಟ್ರೆ ಇನ್ಯಾರನ್ನೂ ನಾನು ನಂಬಲ್ಲ."

"ಅಮ್ಮಾ, ಹವಾಯಿ... ನದೀನ್ ಪೆಟ್ಟಿಗೆ..."

ಮೇಜು ಅಲ್ಲಾಡಿ ಕಾಫಿ ಚೆಲ್ಲಿತು. ಲುಸಿಂಡಾ ಅವನ ಕೈಯಿಂದ ಆದೇಶ ತೆಗೆದುಕೊಂಡು ನಾಲ್ಕಾಗಿ ಮಡಚಿದರು. ಸಾಲದೆಂದು ಎಂಟಾಗಿ ಮಡಚಿ, ಬಗ್ಗಿ, ಮೇಜಿನ ಕಾಲಡಿಗೆ ಇಟ್ಟರು.